ಟವೆಲ್

ನುಡಿಗಟ್ಟುಗಳ ಪಾಠ. ಸಂಜೆ ಏಳು.
ದಾವಣಗೆರೆಯ ಜಯದೇವ ಸರ್ಕಲ್ಲಿನ ಹಿಂದೆ
ದೋಸೆ ಹೋಟೆಲಿನ ಮೇಲಿನ ಟ್ಯುಟೋರಿಯಲ್ಲು,
ಬೆಣ್ಣೆ ಕಾದ ವಾಸನೆಗೆ ಹಸಿದು ಕೂತ ಹದಿನಾಲ್ಕು ಮಂದಿ.
ಬೋರ್ಡಿನ ಮೇಲೆ ಬರೆದೆ: ಥ್ರೋ ಇನ್ ದ ಟವೆಲ್.
'ಟವೆಲ್ ಎಸೆಯುವುದು. ಅಂದರೇನು? ಯಾರು ಹೇಳ್ತೀರಿ?'

ಹಿಂದಿನ ಬೆಂಚಿನಿಂದ ತಿಪ್ಪೇಶ ಎದ್ದೇಬಿಟ್ಟ:
'ಸೀಟು ಹಿಡಿಯೋದು ಮಿಸ್!'

ಅವನದು ದಿನಾ ಜಗಳೂರು ಬಸ್ಸು.
ಅದು ನಿಲ್ಲುವ ಮೊದಲೇ ಕಿಟಕಿಯಲ್ಲಿ ಕೈ ತೂರಿಸಿ
ಟವೆಲ್ ಒಗೆದರೆ ಮುಗಿಯಿತು,
ಆಮೇಲೆ ಹತ್ತಿದವರು ಯಾರೇ ಆಗಲಿ
ಆ ತುಂಡು ಬಟ್ಟೆಗೆ ಸಾಹೇಬರ ಮರ್ಯಾದೆ ಕೊಟ್ಟು
ನಿಂತೇ ಬರುತ್ತಾರೆ, ಬಿಳಿಚೋಡಿನವರೆಗೂ.
ಮಂತ್ರಿ ಕುರ್ಚಿಗೂ ಹೀಗೇ ಹಾಕುತ್ತಾರಂತೆ, ಪೇಪರಿನವರು ಬರೆಯುತ್ತಾರೆ.

ತಪ್ಪು, ಎಂದೆ. ನಕ್ಕೆ. ಎಲ್ಲರೂ ನಕ್ಕರು.
ಅಲ್ಲಿ ಎಸೆದರೆ ಬಿಟ್ಟ ಹಾಗೆ,
ಇಲ್ಲಿ ಎಸೆದರೆ ಹಿಡಿದ ಹಾಗೆ.
ಕಡಲು ದಾಟುವಾಗ ಎಲ್ಲೋ ಮಗುಚಿಕೊಂಡಿದೆ ಟವೆಲ್ಲು.

ಅರ್ಥ ಬರೆಸಿದೆ: ಸೋಲೊಪ್ಪುವುದು. ಕೈಚೆಲ್ಲುವುದು.
ಇನ್ನು ನನ್ನಿಂದಾಗದು ಎಂದು ಬಿಟ್ಟುಬಿಡುವುದು.
ಮೂಲ: ಬಾಕ್ಸಿಂಗ್.
ಬಳಕೆ: ಮೂರು ಸಲ ಫೇಲಾದ ಮೇಲೆ ಅವನು ಟವೆಲ್ ಎಸೆದ.
ಮೂರು ಸಲ ಫೇಲಾದವರು ಎರಡನೇ ಸಾಲಿನಲ್ಲಿ ಇಬ್ಬರಿದ್ದರು.
ವಾಕ್ಯ ಒರೆಸಿದೆ. ಬೇರೆ ಹೊಳೆಯಲಿಲ್ಲ.

ಆಗ ಶಾಕಿರಾ, ಪೆನ್ನಿನ ಕ್ಯಾಪು ಕಚ್ಚುತ್ತ:
'ಎಸೆಯೋದು ಯಾರು ಮಿಸ್? ಹೊಡೆಸ್ಕೊಳ್ಳೋನಾ?'

ಹತ್ತು ವರ್ಷ ಹೇಳಿಕೊಟ್ಟಿದ್ದೇನೆ ಇದನ್ನು. ಯಾರೂ ಕೇಳಿರಲಿಲ್ಲ.
ಅಲ್ಲ, ಎಂದೆ. ಅವನ ಕೈಗೆ ಗ್ಲೌಸು ಬಿಗಿದಿರುತ್ತದೆ.
ಟವೆಲ್ ಇರುವುದು ಹಗ್ಗದಾಚೆ ನಿಂತವನ ಹತ್ತಿರ,
ನೀರು ಕುಡಿಸುವವನು, ರಕ್ತ ಒರೆಸುವವನು.
ಇವನು ಇನ್ನೂ ಬಡಿದಾಡುತ್ತೇನೆ ಅನ್ನುತ್ತಿರುತ್ತಾನೆ.
ಅವನು ಎಸೆಯುತ್ತಾನೆ.

'ಹಂಗಾದ್ರೆ ನಮ್ಮಮ್ಮಿ,' ಅಂದಳು.

ಮಂಡಕ್ಕಿ ಭಟ್ಟಿ. ಅಪ್ಪ ದಾದಾಪೀರ್, ಮೂವತ್ತೊಂದು ವರ್ಷ.
ಕಾದ ಮರಳಿಗೆ ಅಕ್ಕಿ ಸುರಿದು, ಅದು ಅರಳಿ ನಗುವಷ್ಟರಲ್ಲಿ
ಬಾಚಿ, ಜರಡಿಗೆ ಹಾಕಿ, ಮತ್ತೆ ಸುರಿದು.
ಕೊರಳಲ್ಲಿ ಗುಲಾಬಿ ಅಂಚಿನ ಟವೆಲ್ಲು.
ಗಂಟೆಗೊಮ್ಮೆ ಹೊರಗೆ ಬಂದು ಹಿಂಡಿದರೆ
ನೆಲದ ಧೂಳು ಕೆಸರಾಗುತ್ತಿತ್ತಂತೆ.
ಮತ್ತೆ ಕೊರಳಿಗೆ.
ಕೆಮ್ಮು ಹತ್ತಿ ಎರಡು ವರ್ಷ. ನನಗೇನಾಗೈತಿ, ಅನ್ನುವುದೊಂದೇ ಮಾತು.

'ಹೋದ ತಿಂಗಳು ಅಮ್ಮಿ ಭಟ್ಟಿಗೇ ಹೋದ್ಲು ಮಿಸ್.
ಮಾತಾಡ್ಲಿಲ್ಲ. ಕೊರಳಿಂದ ಟವೆಲ್ ಎಳಕೊಂಡು
ಹೊಟ್ಟಿನ ರಾಶಿ ಮೇಲೆ ಒಗದು ಬಂದ್ಲು.
ಅಪ್ಪ ಬೈದ್ರು, ಎಲ್ರ ಮುಂದೆ.
ಆಮೇಲೆ ಚಪ್ಪಲಿ ಮೆಟ್ಕೊಂಡು ಹಿಂದೇ ಬಂದ್ರು.'

ಕ್ಲಾಸು ಸುಮ್ಮನಿತ್ತು. ಕೆಳಗೆ ಯಾರೋ
'ಎರಡು ಬೆಣ್ಣೆ, ಒಂದು ಖಾಲಿ' ಎಂದು ಕೂಗಿದರು.
ತಿಪ್ಪೇಶ, ಈ ಸಲ ಕೂತಲ್ಲಿಂದಲೇ:
'ಹಂಗಾರೆ ಅದೂ ಸೀಟು ಹಿಡಿದಂಗೇ ಅಲ್ವ ಮಿಸ್, ಅವರಿಗೆ?'

ಡಸ್ಟರ್ ಹಿಡಿದು ನಿಂತೆ. ಗೈಡಿನಲ್ಲಿ ಇದಿಲ್ಲ.
ಅರ್ಥದ ಕೆಳಗೆ ಒಂದು ಸಾಲು ಜಾಗ ಬಿಡಿ, ಎಂದೆ.

ಭಾನುವಾರ ಕಂಡೆ ಅವರನ್ನು,
ಶಾಕಿರಾಳದೇ ಹುಬ್ಬು, ಶಾಕಿರಾಳದೇ ಮೊಂಡು ಗದ್ದ,
ತಳ್ಳುಗಾಡಿಯ ಹಿಂದೆ, ಬೇರೆ ಯಾರೋ ಹುರಿದ ಮಂಡಕ್ಕಿಗೆ
ಖಾರ ಕಲಸುತ್ತ.
ಹೆಗಲ ಮೇಲೆ ಹೊಸ ಟವೆಲ್ಲು.
ಗಿರಾಕಿಯೊಡನೆ ಮಾತಾಡುತ್ತಲೇ ಕೈ ತಾನಾಗಿ ಹೋಗಿ
ಅದನ್ನೆಳೆದು ಹಿಂಡುತ್ತದೆ.
ಏನೂ ಬೀಳುವುದಿಲ್ಲ.
ಒಂದು ಗಳಿಗೆ ಅಂಗೈ ನೋಡಿಕೊಂಡು
ಮತ್ತೆ ಹೆಗಲಿಗೆ ಹಾಕಿ
'ಈರುಳ್ಳಿ ಜಾಸ್ತಿ ಹಾಕ್ಲೇನ್ರೀ?' ಅನ್ನುತ್ತಾರೆ.